ಆನೇಕಲ್ ಸೀಮೆಯ ಸರ್ಕಾರಿ ಮಿಡ್ಲ್ ಸ್ಕೂಲು: ದಾಖಲಾತಿ, ಕಲಿಕೆ ಬಗ್ಗೆ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸೂರು ರಸ್ತೆಯ ಉದ್ದಕ್ಕೂ ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ. ಒಳಗೆ ಹೊರಳಿದರೆ ಜಿಗಣಿ, ಆನೇಕಲ್. ರಾಗಿ ಹೊಲಗಳಿದ್ದ ಈ ಅಂಚು ಈಗ ಕೈಗಾರಿಕಾ ಪ್ರದೇಶ, ಸಾಲು ಬಾಡಿಗೆ ಮನೆ, ಅಪಾರ್ಟ್‌ಮೆಂಟುಗಳ ಪಟ್ಟಣವಾಗಿದೆ. ಇಲ್ಲಿನ ಸರ್ಕಾರಿ ಶಾಲೆಗಳ ಆರು, ಏಳು, ಎಂಟನೇ ತರಗತಿಗಳ ಬಗ್ಗೆ ತಂದೆ ತಾಯಂದಿರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದೆ. ಒಂದನೇ ತರಗತಿ ದಾಖಲಾತಿಗೆ ಆಂದೋಲನ ನಡೆಯುತ್ತದೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತದೆ. ನಡುವಿನ ಈ ಮೂರು ವರ್ಷಗಳನ್ನು ಯಾರೂ ಗಮನವಿಟ್ಟು ನೋಡುವುದಿಲ್ಲ. ಮಕ್ಕಳು ಹಿಂದೆ ಬೀಳುವುದು, ಶಾಲೆಯಿಂದಲೇ ಜಾರಿ ಹೋಗುವುದು ಹೆಚ್ಚಾಗಿ ಇದೇ ಅವಧಿಯಲ್ಲಿ.

ಮಿಡ್ಲ್ ಸ್ಕೂಲ್ ಎಂಬ ಬೋರ್ಡು ಎಲ್ಲೂ ಕಾಣುವುದಿಲ್ಲವಲ್ಲ, ಯಾವ ಶಾಲೆ ಅದು?

ಸರ್ಕಾರದ ಲೆಕ್ಕದಲ್ಲಿ ಅದು ಹಿರಿಯ ಪ್ರಾಥಮಿಕ ಶಾಲೆ. ಬೋರ್ಡಿನ ಮೇಲೆ ಸ.ಹಿ.ಪ್ರಾ. ಶಾಲೆ ಎಂದಿದ್ದರೆ ಒಂದರಿಂದ ಏಳು ಅಥವಾ ಎಂಟನೇ ತರಗತಿಯವರೆಗೆ ಇರುತ್ತದೆ. ಸ.ಕಿ.ಪ್ರಾ. ಶಾಲೆ ಎಂದಿದ್ದರೆ ಐದಕ್ಕೆ ಮುಗಿಯಿತು, ಆರಕ್ಕೆ ಬೇರೆ ಶಾಲೆ ಹುಡುಕಬೇಕು. ಸೇರಿಸುವ ಮೊದಲು ಏಳರವರೆಗೋ ಎಂಟರವರೆಗೋ ಎಂದು ಕೇಳಿಕೊಳ್ಳಿ. ಏಳಕ್ಕೆ ಮುಗಿಯುವ ಶಾಲೆಯಾದರೆ ಎಂಟಕ್ಕೆ ಹೈಸ್ಕೂಲಿಗೆ ಹೋಗಬೇಕಾಗುತ್ತದೆ.

ಇನ್ನೊಂದು ವಿಷಯ. ಆನೇಕಲ್ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಬೆಂಗಳೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಗೆ ಸೇರಿದೆ. 2025ರಲ್ಲಿ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಎಂದೇ ಹೆಸರಿಟ್ಟಿದ್ದರಿಂದ ಅರ್ಜಿ ತುಂಬುವಾಗ ಗೊಂದಲವಾಗುತ್ತದೆ. ನಮ್ಮ ಕಂದಾಯ ಜಿಲ್ಲೆ ಈಗಲೂ ಬೆಂಗಳೂರು ನಗರವೇ.

ಐದನೇ ಕ್ಲಾಸಿನಲ್ಲಿ ಬೆಂಚು ತುಂಬ ಮಕ್ಕಳಿದ್ದರು, ಆರಕ್ಕೆ ಬರುವಷ್ಟರಲ್ಲಿ ಕಡಿಮೆಯಾದರು. ಶಾಲೆ ಕೆಟ್ಟಿದೆ ಎಂದೇ ಅರ್ಥವೇ?

ಹಾಗೆ ತೀರ್ಮಾನಿಸುವುದು ತಪ್ಪಾಗುತ್ತದೆ. ಆರನೇ ತರಗತಿ ಎಂದರೆ ಹಲವು ಬಾಗಿಲುಗಳು ಒಟ್ಟಿಗೆ ತೆರೆಯುವ ವರ್ಷ. ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ ಎಲ್ಲಕ್ಕೂ ಪ್ರವೇಶ ಪರೀಕ್ಷೆ ಬರೆದು ಸೇರುವುದು ಆರಕ್ಕೇ. ಐದನೇ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ನಾಲ್ಕಾರು ಮಕ್ಕಳು ಹೀಗೆ ಹೊರಟರೆ ಅದು ಆ ಶಾಲೆ ಚೆನ್ನಾಗಿ ಕಲಿಸಿದ್ದಕ್ಕೆ ಸಾಕ್ಷಿ. ಆದರೆ ಅದೇ ಕಾರಣದಿಂದ ಆರನೇ ತರಗತಿಯ ಸಂಖ್ಯೆಯೂ ಸರಾಸರಿ ಅಂಕವೂ ಇಳಿಯುತ್ತವೆ. ನೋಡಿದವರು ಶಾಲೆ ಹಾಳಾಯಿತು ಅನ್ನುತ್ತಾರೆ. ಈ ಅನ್ಯಾಯ ವರ್ಷವರ್ಷವೂ ನಡೆಯುತ್ತದೆ.

ಎರಡನೆಯ ಕಾರಣ ಬಾಡಿಗೆ. ಗಾರ್ಮೆಂಟ್ಸ್, ಫ್ಯಾಕ್ಟರಿ, ಕಟ್ಟಡ ಕೆಲಸ ನಂಬಿ ಬಂದ ಕುಟುಂಬಗಳಿಗೆ ಈ ಭಾಗದಲ್ಲಿ ಸ್ವಂತ ಮನೆಯಿಲ್ಲ. ಬಾಡಿಗೆ ಏರಿದರೆ ಬೊಮ್ಮಸಂದ್ರದವರು ಚಂದಾಪುರಕ್ಕೆ, ಚಂದಾಪುರದವರು ಅತ್ತಿಬೆಲೆಗೆ ಸರಿಯುತ್ತಾರೆ, ಕೆಲವರು ಊರಿಗೇ ವಾಪಸ್ಸು. ಯುಗಾದಿಗೆಂದು ಊರಿಗೆ ಹೋದ ಮಗು ಜೂನ್‌ನಲ್ಲಿ ಬಾರದೇ ಇರಬಹುದು. ಸೆಪ್ಟೆಂಬರ್‌ನಲ್ಲಿ ಹೊಸ ಮಗು ಬಂದು ಸೇರಬಹುದು.

ಮೂರನೆಯದು ಕಾನ್ವೆಂಟ್ ಆಸೆ. ಐದರವರೆಗೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಓದಿಸಿ, ಕೈಯಲ್ಲಿ ಸ್ವಲ್ಪ ದುಡ್ಡಾದ ಮೇಲೆ ಆರಕ್ಕೆ ಇಂಗ್ಲಿಷ್ ಮೀಡಿಯಂ ಖಾಸಗಿ ಶಾಲೆಗೆ ಹಾಕುವವರು ಬಹಳ. ಅವರ ಆಸೆಯನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ.

ಹಾಗಾಗಿ ಎಷ್ಟು ಮಕ್ಕಳು ಹೋದರು ಎಂದು ಕೇಳಿ ಸುಮ್ಮನಾಗಬೇಡಿ, ಎಲ್ಲಿಗೆ ಹೋದರು ಎಂದೂ ಕೇಳಿ. ಒಳ್ಳೆಯ ಹೆಡ್‌ಮಾಸ್ಟರ್‌ಗೆ ಪ್ರತಿ ಮಗುವಿನ ಉತ್ತರ ಗೊತ್ತಿರುತ್ತದೆ. ಗೊತ್ತಿಲ್ಲ ಎಂಬ ಉತ್ತರ ಬಂದ ಮಕ್ಕಳ ಬಗ್ಗೆಯೇ ನಾವು ಚಿಂತಿಸಬೇಕಾದ್ದು.

ಕೋವಿಡ್ ಸಮಯದಲ್ಲಿ ಸರ್ಕಾರಿ ಶಾಲೆಗೆ ಬಂದ ಮಕ್ಕಳೆಲ್ಲ ಏನಾದರು?

ದೇಶದ ಹಳ್ಳಿಗಳಲ್ಲಿ ನಡೆಯುವ ಅಸರ್ ಸಮೀಕ್ಷೆಯ ಪ್ರಕಾರ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ 65.6. ಅದು 2022ರಲ್ಲಿ ಶೇ 72.9ಕ್ಕೆ ಏರಿ, 2024ಕ್ಕೆ ಶೇ 66.8ಕ್ಕೆ ಮರಳಿತು. ಕೆಲಸ ಹೋಗಿ ಫೀಸು ಕಟ್ಟಲಾಗದೆ ಬಂದವರು ಸಂಪಾದನೆ ಶುರುವಾದ ಮೇಲೆ ಹಿಂತಿರುಗಿದರು. ಅವರನ್ನು ಉಳಿಸಿಕೊಳ್ಳುವ ಅವಕಾಶ ಸರ್ಕಾರದ ಕೈಗೆ ತಾನಾಗಿ ಬಂದಿತ್ತು. ಅದು ಕೈಬಿಟ್ಟು ಹೋಯಿತು.

ಅಸರ್ ಗ್ರಾಮೀಣ ಸಮೀಕ್ಷೆ ಎಂಬುದನ್ನು ಮರೆಯಬಾರದು. ಪಂಚಾಯಿತಿ ಹೋಗಿ ಪುರಸಭೆ ಬಂದ ನಮ್ಮಂಥ ಊರುಗಳು ಅದರ ಲೆಕ್ಕದಿಂದ ಹೊರಗೆ ಉಳಿಯುತ್ತವೆ. ಬೆಂಗಳೂರಿನ ಚರ್ಚೆಯಲ್ಲೂ ನಾವು ಬರುವುದಿಲ್ಲ.

ಅಂಕಿಅಂಶ ನೋಡುವವರಿಗೆ ಇನ್ನೊಂದು ಮಾತು. ದೇಶದ ಶಾಲೆಗಳ ಲೆಕ್ಕ ಇಡುವ ಯುಡೈಸ್ ಪ್ಲಸ್‌ನಲ್ಲಿ 2022-23ರಿಂದ ಶಾಲೆಯ ಒಟ್ಟು ಸಂಖ್ಯೆಯ ಬದಲು ಪ್ರತಿ ಮಗುವಿನ ಹೆಸರಿನಲ್ಲೇ ದಾಖಲೆ ಇಡುತ್ತಿದ್ದಾರೆ. ಎರಡು ಕಡೆ ಹೆಸರಿದ್ದ ಮಕ್ಕಳು ಇದರಿಂದ ಒಂದೇ ಕಡೆ ಲೆಕ್ಕಕ್ಕೆ ಸಿಗುತ್ತಾರೆ. ಆದ್ದರಿಂದ ಹಳೆಯ ವರ್ಷಗಳ ಸಂಖ್ಯೆಯನ್ನು ಹೊಸದರ ಪಕ್ಕ ಇಟ್ಟು, ಇಷ್ಟು ಮಕ್ಕಳು ಬಿಟ್ಟರು ಎಂದು ಹೇಳಲಾಗದು.

ನಡು ವರ್ಷದಲ್ಲಿ ಬಂದಿದ್ದೇವೆ. ಟಿಸಿ ಇಲ್ಲ, ಆಧಾರ್‌ನಲ್ಲಿ ಹೆಸರು ಸರಿಯಿಲ್ಲ. ಸೇರಿಸಿಕೊಳ್ಳುತ್ತಾರಾ?

ಸೇರಿಸಿಕೊಳ್ಳಲೇಬೇಕು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಗುವಿಗೆ ಈ ಹಕ್ಕು ಕೊಟ್ಟಿದೆ. ಟಿಸಿ ತಡವಾಯಿತು ಎಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ದಾಖಲಾತಿ ನಿರಾಕರಿಸುವಂತಿಲ್ಲ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಜಾತಿ, ಆದಾಯ ಪ್ರಮಾಣಪತ್ರ ಬೇಕಾಗುವುದು ವಿದ್ಯಾರ್ಥಿವೇತನಕ್ಕೆ, ಸೇರಲಿಕ್ಕಲ್ಲ.

ತೊಡಕು ಬರುವುದು ಸ್ಯಾಟ್ಸ್‌ನಲ್ಲಿ. ರಾಜ್ಯದ ಪ್ರತಿ ವಿದ್ಯಾರ್ಥಿಗೂ ಈ ತಂತ್ರಾಂಶದಲ್ಲಿ ಒಂದು ಸಂಖ್ಯೆ ಇದೆ. ಹಳೆಯ ಶಾಲೆ ಅಲ್ಲಿಂದ ಮಗುವಿನ ದಾಖಲೆ ಬಿಟ್ಟುಕೊಡದಿದ್ದರೆ ಹೊಸ ಶಾಲೆಯಲ್ಲಿ ಹೆಸರು ಏರುವುದಿಲ್ಲ. ಫೀಸು ಬಾಕಿ ಎಂದು ಖಾಸಗಿ ಶಾಲೆ ಟಿಸಿ ಹಿಡಿದಿಟ್ಟುಕೊಂಡರೆ ಲಿಖಿತ ಅರ್ಜಿ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಅಷ್ಟರಲ್ಲಿ ಮಗುವನ್ನು ಮನೆಯಲ್ಲಿ ಕೂರಿಸಬೇಡಿ, ತರಗತಿಗೆ ಕಳಿಸಲು ಆರಂಭಿಸಿ. ಕಾಗದ ಸರಿಯಾಗಲಿ ಎಂದು ಕಾಯುತ್ತಾ ಎರಡು ತಿಂಗಳು ಮನೆಯಲ್ಲೇ ಉಳಿದ ಹನ್ನೆರಡು ವರ್ಷದ ಹುಡುಗನನ್ನು ಮತ್ತೆ ಶಾಲೆಗೆ ಹೊರಡಿಸುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದ ತಾಯಂದಿರಿಗೆ ಗೊತ್ತು.

ಮಗು ವರ್ಷಗಟ್ಟಲೆ ಶಾಲೆ ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕು ಎಂಬುದು ಕಾಯ್ದೆ. ಹನ್ನೆರಡರ ಹುಡುಗಿಯನ್ನು ಎರಡನೇ ತರಗತಿಯಲ್ಲಿ ಕೂರಿಸಲು ಒಪ್ಪಬೇಡಿ. ನಾಚಿಕೆಗೇ ಅವಳು ಶಾಲೆ ಬಿಡುತ್ತಾಳೆ.

ಈ ಶಾಲೆಯ ರಿಸಲ್ಟ್ ಎಷ್ಟು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಆದರೆ ಮಿಡ್ಲ್ ಸ್ಕೂಲಿಗೆ ಹೈಸ್ಕೂಲಿನಂತೆ ಪ್ರಕಟವಾಗುವ ರಿಸಲ್ಟ್ ಎಂಬುದೇ ಇಲ್ಲ.

ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದಲ್ಲಿ ಒಂದೇ ಪ್ರಶ್ನೆಪತ್ರಿಕೆ ಕೊಡುವ ಪ್ರಯತ್ನ 2023ರಲ್ಲಿ ನಡೆಯಿತು. 2024ರಲ್ಲಿ ಮತ್ತೆ ನಡೆಸಿದಾಗ ವಿವಾದ ಹೈಕೋರ್ಟ್ ದಾಟಿ ದೆಹಲಿಗೆ ಹೋಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಇನ್ನು ರಾಷ್ಟ್ರೀಯ ಸಮೀಕ್ಷೆಗಳು. 2021ರ ನವೆಂಬರ್‌ನಲ್ಲಿ ನಡೆದದ್ದು 3, 5, 8, 10ನೇ ತರಗತಿಗಳಿಗೆ. 2024ರ ಡಿಸೆಂಬರ್‌ನ ಪರಖ್ ಸಮೀಕ್ಷೆ 3, 6, 9ಕ್ಕೆ. ಅವು ಆಯ್ದ ಶಾಲೆಗಳಲ್ಲಿ ನಡೆದು ಜಿಲ್ಲೆಯ ಚಿತ್ರ ಕೊಡುತ್ತವೆ, ನಿಮ್ಮ ಬೀದಿಯ ಶಾಲೆಯ ಅಂಕ ಕೊಡುವುದಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ ಅಳೆಯೋಣವೆಂದರೆ ಅದರಲ್ಲೂ ತೊಂದರೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದಿತು. ಕೃಪಾಂಕ ಹೆಚ್ಚಿಸಿಯೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ. ಆರರಿಂದ ಎಂಟರವರೆಗೆ ಉಳಿದುಹೋದ ಕೊರತೆ ಅಲ್ಲಿ ಬಯಲಾಯಿತು ಎಂಬುದು ನನ್ನ ದೃಢ ಅಭಿಪ್ರಾಯ. ಆ ಹೊತ್ತಿಗೆ ಮಗು ಹದಿನಾರಕ್ಕೆ ಬಂದಿರುತ್ತದೆ.

ಹಾಗಾದರೆ ಏನು ನೋಡಬೇಕು? ಶಾಲೆಗೆ ಹೋಗಿ ಇವನ್ನು ಕೇಳಿ: ಆರನೇ ತರಗತಿಗೆ ಬಂದಾಗ ಸರಾಗವಾಗಿ ಓದಲು ಬಾರದ ಮಕ್ಕಳು ಎಷ್ಟಿದ್ದರು, ಈಗ ಎಷ್ಟಿದ್ದಾರೆ? ಗಣಿತ, ವಿಜ್ಞಾನಕ್ಕೆ ಯಾರಿದ್ದಾರೆ, ಅವರು ಕಾಯಂ ಶಿಕ್ಷಕರೇ? ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಕ್ಕಳಲ್ಲಿ ಇವತ್ತು ಬಂದವರೆಷ್ಟು? ಸೋಮವಾರ, ಹಬ್ಬದ ಮರುದಿನ ಹೋದರೆ ಈ ಕೊನೆಯ ಪ್ರಶ್ನೆಗೆ ನಿಜವಾದ ಉತ್ತರ ಕಣ್ಣಿಗೇ ಕಾಣುತ್ತದೆ. ವರ್ಷದುದ್ದಕ್ಕೂ ಶಾಲೆ ನಡೆಸುವ ಎಫ್‌ಎ, ಎಸ್‌ಎ ಪರೀಕ್ಷೆಗಳ ಗ್ರೇಡುಗಳು ಪ್ರಗತಿ ಪತ್ರದಲ್ಲಿ ಸಿಗುತ್ತವೆ. ಗ್ರೇಡಿಗೆ ಸಹಿ ಹಾಕಿ ಕಳಿಸುವ ಬದಲು ಉತ್ತರಪತ್ರಿಕೆ ತೋರಿಸಿ ಎಂದು ಕೇಳಿ, ತೋರಿಸುತ್ತಾರೆ.

ಮಗ ಏಳನೇ ಕ್ಲಾಸು, ಆದರೆ ಕನ್ನಡ ಪುಸ್ತಕವನ್ನೇ ತಡವರಿಸಿ ಓದುತ್ತಾನೆ. ತಡವಾಯಿತೇ?

ತಡವಾಗಿದೆ, ಆದರೆ ಕೈಮೀರಿಲ್ಲ. ಇದು ನಿಮ್ಮ ಮಗನೊಬ್ಬನ ಸಮಸ್ಯೆಯೂ ಅಲ್ಲ. ಅಸರ್ 2023ರಲ್ಲಿ 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳನ್ನು ಪರೀಕ್ಷಿಸಿದಾಗ ಸುಮಾರು ಕಾಲು ಭಾಗದವರಿಗೆ ತಮ್ಮ ರಾಜ್ಯಭಾಷೆಯ ಎರಡನೇ ತರಗತಿ ಪಠ್ಯವನ್ನೇ ಸರಾಗವಾಗಿ ಓದಲಾಗಲಿಲ್ಲ. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಬಂದವರು ಶೇ 43.3 ಮಾತ್ರ.

ಮನೆಯಲ್ಲೇ ನೋಡಿ. ಮೂರನೇ ತರಗತಿ ಪುಸ್ತಕದ ಒಂದು ಪುಟ ಓದಿಸಿ, ಒಂದು ಭಾಗಾಕಾರ ಮಾಡಿಸಿ. ಎಡವಿದರೆ ಬೈಯಬೇಡಿ. ಮರುದಿನ ಕ್ಲಾಸ್ ಟೀಚರ್ ಬಳಿ ಹೋಗಿ, ಇವನಿಗೆ ಇಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಕೋವಿಡ್ ನಂತರ 2022-23ರಲ್ಲಿ ಇಡೀ ರಾಜ್ಯದಲ್ಲಿ ನಡೆದ ಕಲಿಕಾ ಚೇತರಿಕೆ ಕಾರ್ಯಕ್ರಮದ ಹಿಂದಿದ್ದ ಆಲೋಚನೆ ಇದೇ: ಮಗು ಇರುವ ಮಟ್ಟದಿಂದ ಕಲಿಸಬೇಕು, ಪಠ್ಯ ಇರುವ ಮಟ್ಟದಿಂದಲ್ಲ. ಆ ವರ್ಷ ಮುಗಿದಿರಬಹುದು, ಆ ವಿಧಾನ ಗೊತ್ತಿರುವ ಮೇಷ್ಟ್ರುಗಳು ಇನ್ನೂ ಶಾಲೆಯಲ್ಲಿದ್ದಾರೆ. ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿಸಿದ ಮಕ್ಕಳು ಒಂದು ವರ್ಷದಲ್ಲಿ ದಾರಿಗೆ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ.

ಆರರಿಂದ ಎಂಟಕ್ಕೆ ಎಷ್ಟು ಜನ ಟೀಚರ್ ಇರಬೇಕು?

ಕಾಯ್ದೆ ಪ್ರಕಾರ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರು. ಜೊತೆಗೆ ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು. ವರ್ಷಕ್ಕೆ 220 ದಿನ, 1,000 ಗಂಟೆ ಪಾಠ.

ಈ ತರಗತಿಗಳಿಗೆಂದೇ ಪದವೀಧರ ಶಿಕ್ಷಕರ ವೃಂದ ಇದೆ, ಶಾಲೆಯಲ್ಲಿ ಜಿಪಿಟಿ ಎನ್ನುತ್ತಾರೆ. 2022ರಲ್ಲಿ ಸರ್ಕಾರ ಇಂಥ 15,000 ಹುದ್ದೆಗಳಿಗೆ ಅರ್ಜಿ ಕರೆಯಿತು. ಎಲ್ಲ ಹುದ್ದೆಗೆ ಅರ್ಹರು ಸಿಗಲಿಲ್ಲ, ಆಯ್ಕೆಪಟ್ಟಿ ಕೋರ್ಟಿಗೂ ಹೋಯಿತು. ಖಾಲಿ ಉಳಿದ ಜಾಗದಲ್ಲಿ ಅತಿಥಿ ಶಿಕ್ಷಕರು ಕೆಲಸ ಮಾಡುತ್ತಾರೆ. ಅವರಲ್ಲಿ ಬಹಳ ಒಳ್ಳೆಯವರಿದ್ದಾರೆ, ಆದರೆ ಬೊಮ್ಮಸಂದ್ರದ ಫ್ಯಾಕ್ಟರಿ ಕೊಡುವ ಸಂಬಳಕ್ಕಿಂತ ಕಡಿಮೆ ಗೌರವಧನಕ್ಕೆ ಗಣಿತ ಪದವೀಧರರನ್ನು ಎಷ್ಟು ವರ್ಷ ಹಿಡಿದಿಡಲಾಗುತ್ತದೆ? ನೇಮಕವೂ ಶಾಲೆ ಶುರುವಾಗುವ ದಿನಕ್ಕೆ ಮುಗಿದಿರುವುದಿಲ್ಲ.

ದಾಖಲಾತಿಗೂ ಕಲಿಕೆಗೂ ಇರುವ ಗಂಟು ಇಲ್ಲಿದೆ. ಮಕ್ಕಳ ಸಂಖ್ಯೆ ಇಳಿದರೆ ಹೆಚ್ಚುವರಿ ಎಂದು ಒಬ್ಬ ಶಿಕ್ಷಕರನ್ನು ಬೇರೆಡೆಗೆ ಕಳಿಸುತ್ತಾರೆ. ಹೋದವರು ಗಣಿತದವರಾದರೆ ಮರುವರ್ಷ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಈ ಸುತ್ತು ನಿಲ್ಲಿಸಬೇಕಾದರೆ ಸಂಖ್ಯೆಯ ಜೊತೆ ವಿಷಯವನ್ನೂ ನೋಡಿ ಹಂಚಿಕೆ ಮಾಡಬೇಕು. ನಡು ವರ್ಷದಲ್ಲಿ ಮಕ್ಕಳು ಬಂದು ಸೇರುವ ನಮ್ಮಂಥ ಪಟ್ಟಣಗಳಿಗೆ ಒಂದು ದಿನದ ಎಣಿಕೆ ನ್ಯಾಯ ಕೊಡುವುದಿಲ್ಲ.

ಆರಕ್ಕೆ ಇಂಗ್ಲಿಷ್ ಮೀಡಿಯಂಗೆ ಬದಲಾಯಿಸಲೇ?

ಈಗ ಹಲವು ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಅಥವಾ ದ್ವಿಭಾಷಾ ವಿಭಾಗ ಇದೆ. 2019-20ರಲ್ಲಿ ಸಾವಿರ ಶಾಲೆಗಳಲ್ಲಿ ಆರಂಭವಾದ ಈ ವಿಭಾಗಗಳು ಆಮೇಲೆ ಹೆಚ್ಚಿವೆ. ಕನ್ನಡ ಮಾಧ್ಯಮದಲ್ಲೂ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಹಿಂದಿ ಸೇರಿಕೊಳ್ಳುವುದು ಆರಕ್ಕೆ.

ಬದಲಾಯಿಸುವ ಮೊದಲು ಒಂದು ವಿಷಯ ತಿಳಿದಿರಲಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲೂ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲೂ ಶೇ 5 ಮೀಸಲಾತಿ ಇದೆ. ಆರಕ್ಕೆ ಮಾಧ್ಯಮ ಬದಲಿಸಿದರೆ ಐದು ವರ್ಷ ಕನ್ನಡದಲ್ಲಿ ಓದಿದ್ದೂ ಲೆಕ್ಕಕ್ಕೆ ಬರುವುದಿಲ್ಲ. ಪದವಿ ಮುಗಿಸಿ ಅರ್ಜಿ ಹಾಕುವಾಗ ಇದನ್ನು ತಿಳಿದು ಮರುಗುವವರಿದ್ದಾರೆ. ಗ್ರಾಮೀಣ ಮೀಸಲಾತಿಗೂ ಹೀಗೆಯೇ ಹತ್ತು ವರ್ಷದ ಲೆಕ್ಕ. ಪಂಚಾಯಿತಿ ಇದ್ದ ನಿಮ್ಮ ಊರು ಪುರಸಭೆಗೆ ಸೇರಿದ್ದರೆ ಯಾವ ವರ್ಷ ಸೇರಿತು ಎಂಬುದನ್ನು ಕಾಗದದಲ್ಲಿ ಇಟ್ಟುಕೊಳ್ಳಿ. ನವೋದಯದಲ್ಲೂ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. 3, 4, 5ನೇ ತರಗತಿಗಳಲ್ಲಿ ಒಂದು ವರ್ಷ ನಗರ ಪ್ರದೇಶದ ಶಾಲೆಯಲ್ಲಿ ಓದಿದರೂ ಆ ಪಾಲು ಸಿಗುವುದಿಲ್ಲ.

ನನ್ನ ಸಲಹೆ: ಕನ್ನಡವನ್ನೇ ಸರಾಗವಾಗಿ ಓದಲು ಬಾರದ ಮಗುವನ್ನು ಆರಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಬೇಡಿ. ವಿಜ್ಞಾನವೂ ಇಂಗ್ಲಿಷೂ ಎರಡೂ ಕೈತಪ್ಪುತ್ತವೆ. ಚೆನ್ನಾಗಿ ಓದುವ ಮಗುವಾದರೆ, ಕಲಿಸುವ ಟೀಚರ್ ಯಾರೆಂದು ನೋಡಿ ತೀರ್ಮಾನಿಸಿ.

ಮನೆಯಲ್ಲಿ ತಮಿಳು, ತೆಲುಗು, ಹಿಂದಿ, ಒಡಿಯಾ ಮಾತಾಡುವ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಹೇಗೆ ಓದುತ್ತಾರೆ?

ಗಡಿ ತಾಲ್ಲೂಕು ಇದು, ಅತ್ತಿಬೆಲೆ ದಾಟಿದರೆ ಹೊಸೂರು. ಹಲವು ಭಾಷೆ ಇಲ್ಲಿ ಹೊಸದಲ್ಲ. ಚಿಕ್ಕ ವಯಸ್ಸಿನಲ್ಲಿ ಬಂದ ಮಕ್ಕಳು ಆಟದ ಬಯಲಿನಲ್ಲೇ ಕನ್ನಡ ಕಲಿಯುತ್ತಾರೆ. ಆರಕ್ಕೆ ನೇರವಾಗಿ ಬಂದವರ ಪಾಡು ಕಷ್ಟ: ಮಾತು ಮೂರು ತಿಂಗಳಲ್ಲಿ ಬರುತ್ತದೆ, ಸಮಾಜ ಪಾಠದ ಕನ್ನಡ ಬರುವುದಿಲ್ಲ. ಅವರಿಗೆ ಅಕ್ಷರದಿಂದ ಶುರುಮಾಡಿ ಬೇರೆ ಅವಧಿ ಬೇಕು. ಖಾಸಗಿ ಶಾಲೆಗೆ ಹೋದರೆ ಕನ್ನಡ ತಪ್ಪುತ್ತದೆ ಎಂಬ ಲೆಕ್ಕಾಚಾರವೂ ನಡೆಯದು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಇರಬೇಕು.

ಆರ್‌ಟಿಇ ಸೀಟಿನಲ್ಲಿ ಖಾಸಗಿ ಶಾಲೆಗೆ ಆರಕ್ಕೆ ಸೇರಿಸಬಹುದೇ?

ಆಗದು. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆ ಬಿಟ್ಟುಕೊಡುವ ಶೇ 25 ಸೀಟು ಎಲ್‌ಕೆಜಿ ಅಥವಾ ಒಂದನೇ ತರಗತಿಗೆ ಮಾತ್ರ. 2019-20ರಿಂದ ಕರ್ನಾಟಕದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರವಿರುವ ಕಡೆ ಆ ಸೀಟೂ ಸಿಗುವುದಿಲ್ಲ. ಮೊದಲೇ ಸೇರಿದ ಮಕ್ಕಳಿಗೂ ಎಂಟನೇ ತರಗತಿಯವರೆಗಷ್ಟೇ ಉಚಿತ. ಒಂಬತ್ತಕ್ಕೆ ಪೂರ್ತಿ ಫೀಸು ಕೇಳಿದಾಗ ದಿಕ್ಕು ತೋಚದೆ ನಿಲ್ಲಬೇಡಿ, ಏಳರಲ್ಲೇ ಯೋಚಿಸಿ.

ಊಟ, ಹಾಲು, ಮೊಟ್ಟೆ ಎಂಟನೇ ತರಗತಿಗೂ ಇದೆಯೇ?

ಇದೆ. ಬಿಸಿಯೂಟ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ ಎಲ್ಲವೂ. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರ ಸೆಪ್ಟೆಂಬರ್‌ನಿಂದ ಮೊಟ್ಟೆ ವಾರಕ್ಕೆ ಆರು ದಿನ. ತಿನ್ನದವರಿಗೆ ಬಾಳೆಹಣ್ಣು. ತಾಯಿ ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುವ ಮನೆಗಳಲ್ಲಿ ಮಗುವಿನ ದಿನದ ಮೊದಲ ಹೊಟ್ಟೆ ತುಂಬುವ ಊಟ ಇದೇ ಆಗಿರುತ್ತದೆ.

ಮಕ್ಕಳು ಕಡಿಮೆಯಾದರೆ ಶಾಲೆ ಮುಚ್ಚಿಬಿಡುತ್ತಾರಾ? ನಾವೇನು ಮಾಡಬಹುದು?

ತುಂಬಾ ಕಡಿಮೆಯಾದ ಶಾಲೆಗಳನ್ನು ಪಕ್ಕದ ದೊಡ್ಡ ಶಾಲೆಗೆ ಜೋಡಿಸುವ ಮಾತು ಆಗಾಗ ಬರುತ್ತದೆ. 2018-19ರಲ್ಲಿ 176 ಕರ್ನಾಟಕ ಪಬ್ಲಿಕ್ ಶಾಲೆಗಳು ಶುರುವಾದಾಗಿನಿಂದ ಒಂದೇ ಆವರಣದಲ್ಲಿ ಪಿಯುಸಿವರೆಗೆ ಎಂಬ ಮಾದರಿಗೆ ಒತ್ತು ಹೆಚ್ಚಿದೆ. ದೊಡ್ಡ ಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ಪ್ರಯೋಗಾಲಯ ಸಿಗುತ್ತವೆ, ನಿಜ. ಆದರೆ ಹೊಸೂರು ರಸ್ತೆಯಂಥ ಹೆದ್ದಾರಿಯನ್ನು ಹನ್ನೊಂದು ವರ್ಷದ ಮಗು ದಿನಾ ದಾಟಬೇಕಾದರೆ ನಕ್ಷೆಯ ಮೇಲಿನ ಎರಡು ಕಿಲೋಮೀಟರ್ ಎರಡೇ ಕಿಲೋಮೀಟರ್ ಆಗಿ ಉಳಿಯುವುದಿಲ್ಲ. ವಿಲೀನದ ಮಾತು ಬಂದಾಗ ಬಸ್ಸಿನ ವ್ಯವಸ್ಥೆ ಬರಹದಲ್ಲಿ ಕೇಳಿ.

ನಿಮ್ಮ ಕೈಯಲ್ಲಿರುವ ಸಾಧನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಿಕ್ಷಣ ಹಕ್ಕು ಕಾಯ್ದೆಗಿಂತ ಮೊದಲೇ, 2001ರಲ್ಲೇ, ಕರ್ನಾಟಕದಲ್ಲಿ ಇದು ಬಂದಿತ್ತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಸಭೆ ಭಾನುವಾರ ಇಡಿ ಎಂದು ಒತ್ತಾಯಿಸಿ. ಶಿಫ್ಟ್ ಕೆಲಸದ ತಂದೆ ತಾಯಂದಿರು ಬರಲಾಗದ ದಿನ ಸಭೆ ನಡೆದರೆ ಬಾಡಿಗೆಮನೆಯ ಮಕ್ಕಳ ಪರ ಮಾತಾಡುವವರೇ ಇರುವುದಿಲ್ಲ. ಗಣಿತ ಶಿಕ್ಷಕರಿಲ್ಲ ಎಂಬ ಠರಾವು ಎಸ್‌ಡಿಎಂಸಿ ಪುಸ್ತಕದಿಂದ ಬಿಇಒ ಕಚೇರಿಗೆ ಹೋದರೆ ಅದಕ್ಕೆ ಬಾಯಿಮಾತಿಗಿಲ್ಲದ ತೂಕ ಇರುತ್ತದೆ.

ಎಂಟನೇ ತರಗತಿಯಲ್ಲಿ ಯಾವುದಾದರೂ ಸ್ಕಾಲರ್‌ಶಿಪ್ ಪರೀಕ್ಷೆ ಇದೆಯೇ?

ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಇದೆ, ತಪ್ಪಿಸಬೇಡಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು ಎಂಟರಲ್ಲಿ ಬರೆಯುತ್ತಾರೆ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ ಜೂನ್‌ನಲ್ಲೇ ಮಾಡಿಸಿಡಿ. ಏಳನೇ ತರಗತಿಯ ಅಂಕವನ್ನೂ ನೋಡುತ್ತಾರೆ.

ಏಳು ಮುಗಿಯಿತು. ಹೈಸ್ಕೂಲು ದೂರ, ಮಗಳನ್ನು ಕಳಿಸಲು ಹೆದರಿಕೆ. ಏನು ಮಾಡುವುದು?

ಹೆದರಿಕೆಗೆ ಕಾರಣ ಇದೆ. ಲಾರಿ ಓಡಾಡುವ ರಸ್ತೆ, ಬೀದಿದೀಪ ಇಲ್ಲದ ಕೈಗಾರಿಕಾ ಪ್ರದೇಶ, ಮನೆಯಲ್ಲಿ ನೋಡಿಕೊಳ್ಳಬೇಕಾದ ತಮ್ಮ. 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಶುರುವಾದ ಸೈಕಲ್ ಯೋಜನೆ ಕೋವಿಡ್ ಜೊತೆ ನಿಂತು ಹೋದದ್ದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಇಂಥ ಹುಡುಗಿಯರ ಮೇಲೆ.

ಎಂಟನೇ ತರಗತಿಯವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ನಿಯಮ. ಇಲ್ಲದಿದ್ದರೆ ನಿಮ್ಮ ಶಾಲೆಯಲ್ಲೇ ಎಂಟನೇ ತರಗತಿ ತೆರೆಯುವಂತೆ ಎಸ್‌ಡಿಎಂಸಿ ಮೂಲಕ ಬೇಡಿಕೆ ಇಡಿ. ಅದು ಆಗುವವರೆಗೆ ಒಂದೇ ಬೀದಿಯ ನಾಲ್ಕೈದು ಹುಡುಗಿಯರನ್ನು ಒಂದೇ ಹೈಸ್ಕೂಲಿಗೆ ಒಟ್ಟಿಗೆ ಸೇರಿಸಿ, ಒಟ್ಟಿಗೆ ಹೋಗಿ ಬರಲಿ. ಹೆಡ್‌ಮಾಸ್ಟರ್ ಬಳಿ ಟಿಸಿ ಕೇಳುವ ದಿನವೇ ಯಾವ ಹೈಸ್ಕೂಲಿಗೆ ಎಂದು ತಿಳಿಸಿ, ಜೂನ್ ಮೊದಲ ವಾರ ಮಗಳು ಅಲ್ಲಿ ತರಗತಿಗೆ ಹೋಗುತ್ತಿದ್ದಾಳೆಯೇ ಎಂದು ವಿಚಾರಿಸುವಂತೆ ಅವರನ್ನು ಕೇಳಿಕೊಳ್ಳಿ. ಬಹಳ ಜನ ಮೇಷ್ಟ್ರು, ಮೇಡಂಗಳು ಹೇಳದೆಯೇ ಫೋನ್ ಮಾಡಿ ಕೇಳುತ್ತಾರೆ.